ಜಾಕೆಟ್ ಡಿಕ್ಕಿಯ ತಳದಲ್ಲಿದ್ದರೆ ಲೆಕ್ಕಕ್ಕಿಲ್ಲ

ರಜೆ ಹತ್ತಿರ ಬಂತು ಅಂದರೆ ನಮ್ಮ ವರ್ಕ್‌ಶಾಪಿಗೆ ಒಂದು ಬಗೆಯ ಗಿರಾಕಿಗಳು ಜಾಸ್ತಿ. ಸ್ವಂತ ಕಾರಿನಲ್ಲಿ ಯುರೋಪಿನ ಎರಡು ಮೂರು ದೇಶ ಸುತ್ತಿ ಬರಲು ಹೊರಟವರು. ಟೈರು, ಬ್ರೇಕು, ಆಯಿಲ್ ಎಲ್ಲ ನೋಡಿ ಮುಗಿಸಿದ ಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: 'ರಿಫ್ಲೆಕ್ಟರ್ ಜಾಕೆಟ್ ಎಲ್ಲಿಟ್ಟಿದ್ದೀರಿ?' ಹೆಚ್ಚಿನವರು ಹೆಮ್ಮೆಯಿಂದ ಡಿಕ್ಕಿ ತೆಗೆದು ತೋರಿಸುತ್ತಾರೆ. ಅಲ್ಲಿಗೆ ಪರೀಕ್ಷೆಯಲ್ಲಿ ಫೇಲ್.

ಸ್ವಲ್ಪ ಯೋಚಿಸಿ ನೋಡಿ. ರಾತ್ರಿ ಹೊತ್ತು, ಮಳೆ, ಹೆದ್ದಾರಿಯಲ್ಲಿ ಕಾರು ಕೆಟ್ಟು ನಿಂತಿದೆ. ಪಕ್ಕದಲ್ಲೇ ಲಾರಿಗಳು ಗಂಟೆಗೆ 80, 90 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿವೆ. ಜಾಕೆಟ್ ಹಾಕಿಕೊಳ್ಳಬೇಕಾದದ್ದು ಕಾರಿನಿಂದ ಇಳಿಯುವ ಮೊದಲು. ಅದೇ ಜಾಕೆಟ್ ಎರಡು ಸೂಟ್‌ಕೇಸಿನ ಕೆಳಗೆ ಕೂತಿದ್ದರೆ? ಅದನ್ನು ತೆಗೆಯಲಿಕ್ಕೆ ಜಾಕೆಟ್ ಇಲ್ಲದೇ ಇಳಿಯಬೇಕು. ಫ್ರಾನ್ಸ್ ಕಾನೂನು ಈ ಮಾತನ್ನು ಬಿಡಿಸಿಯೇ ಹೇಳುತ್ತದೆ. ಜಾಕೆಟ್ ಕೈಗೆ ಸಿಗುವ ಜಾಗದಲ್ಲಿ, ಕಾರಿನ ಒಳಗೇ ಇರಬೇಕು. ಅಲ್ಲಿ 2008ರಿಂದ ಜಾಕೆಟ್ಟೂ ಕಡ್ಡಾಯ, ಕೆಟ್ಟು ನಿಂತ ಕಾರಿನ ಹಿಂದೆ ರಸ್ತೆಯಲ್ಲಿ ಇಡುವ ಎಚ್ಚರಿಕೆಯ ತ್ರಿಕೋನವೂ ಕಡ್ಡಾಯ. ಇಲ್ಲದಿದ್ದರೆ 135 ಯೂರೋ ದಂಡ.

ಎಷ್ಟು ಜಾಕೆಟ್ ಬೇಕು? ಫ್ರಾನ್ಸ್, ಜರ್ಮನಿಗಳ ಕಾನೂನು ಕೇಳುವುದು ಒಂದನ್ನೇ. ನಾನು ಮಾತ್ರ ಸೀಟಿಗೊಂದು ಅನ್ನುತ್ತೇನೆ. ಕಾರು ಕೆಟ್ಟರೆ ಇಳಿಯುವುದು ಡ್ರೈವರ್ ಒಬ್ಬರೇ ಅಲ್ವಲ್ಲ, ಮಕ್ಕಳೂ ಇಳಿಯಬೇಕು. ಮಡಚಿ ಸೀಟಿನ ಕೆಳಗೋ ಬಾಗಿಲಿನ ಜೇಬಿನಲ್ಲೋ ತುರುಕಿದರೆ ಸಾಕು. ಕೊಳ್ಳುವಾಗ ಲೇಬಲ್ ಮೇಲೆ ಇಎನ್ ಐಎಸ್ಒ 20471 ಅನ್ನುವ ಗುಣಮಟ್ಟದ ಗುರುತು ಇದೆಯಾ ನೋಡಿ. ಸುಮ್ನೆ ಹಳದಿ ಬಣ್ಣ ಇದ್ದ ಮಾತ್ರಕ್ಕೆ ಅದು ರಾತ್ರಿ ಹೊಳೆಯುವುದಿಲ್ಲ.

ಇನ್ನು ತ್ರಿಕೋನ. ಇದನ್ನು ಕೊಂಡುಕೊಳ್ಳುವುದು ಸುಲಭ, ಇಡುವುದೇ ಕಷ್ಟ. ಫ್ರಾನ್ಸಿನಲ್ಲಿ ಕಾರಿನಿಂದ ಕನಿಷ್ಠ 30 ಮೀಟರ್ ಹಿಂದೆ ಇಡಬೇಕು. ಜರ್ಮನಿಯಲ್ಲಿ ವಾಹನಗಳು ಜೋರಾಗಿ ಓಡುವ ರಸ್ತೆಯಾದರೆ ಸುಮಾರು 100 ಮೀಟರ್. ನೂರು ಮೀಟರ್ ಅಂದರೆ ಎದುರಿಗೆ ಬರುವ ವಾಹನಗಳ ಕಡೆಗೇ ಒಂದೂವರೆ ನಿಮಿಷ ನಡಿಗೆ. ಆಗ ತ್ರಿಕೋನವನ್ನು ಮಡಚಿಟ್ಟುಕೊಂಡು ಹೋಗಬೇಡಿ, ಬಿಡಿಸಿ ಎದೆಯ ಮುಂದೆ ಹಿಡಿದು ನಡೆಯಿರಿ. ಸಾಧ್ಯವಾದರೆ ರಸ್ತೆಯ ತಡೆಬೇಲಿಯ ಆಚೆಯಿಂದ. ಇಡಲು ಹೋದರೆ ಜೀವಕ್ಕೇ ಅಪಾಯ ಅನ್ನುವ ಜಾಗದಲ್ಲಿ ಫ್ರೆಂಚ್ ಕಾನೂನೇ ಇಡಬೇಡಿ ಅಂತ ವಿನಾಯಿತಿ ಕೊಟ್ಟಿದೆ.

ಸ್ಪೇನ್ ಇದೇ ಕಾರಣಕ್ಕೆ ತ್ರಿಕೋನವನ್ನು ಕೈಬಿಟ್ಟಿತು. ಅಲ್ಲಿ ನೋಂದಣಿಯಾದ ಕಾರುಗಳಲ್ಲಿ 2026ರ ಜನವರಿ 1ರಿಂದ ವಿ-16 ಅನ್ನುವ ಹಳದಿ ಮಿನುಗುದೀಪ ಇರಬೇಕು. ಕಿಟಕಿಯಿಂದ ಕೈ ಹಾಕಿ ಕಾರಿನ ಚಾವಣಿಗೆ ಅಂಟಿಸಿದರೆ ಮುಗಿಯಿತು, ಅಯಸ್ಕಾಂತ ಹಿಡಿದುಕೊಳ್ಳುತ್ತದೆ. ಕಾರು ನಿಂತಿರುವ ಜಾಗವನ್ನು ಸಂಚಾರ ಇಲಾಖೆಗೂ ಅದೇ ತಿಳಿಸುತ್ತದೆ. ಬೇರೆ ದೇಶದ ನಂಬರ್ ಪ್ಲೇಟ್ ಇರುವ ಕಾರಿಗೆ ಈಗಲೂ ತ್ರಿಕೋನ ನಡೆಯುತ್ತದೆ. ಹಾಗಾಗಿ ಸ್ವಂತ ಕಾರಿನಲ್ಲಿ ಹೋಗುವವರು ಗಾಬರಿಯಾಗಿ ವಿ-16 ಹುಡುಕುತ್ತಾ ಅಲೆಯಬೇಕಾಗಿಲ್ಲ. ನನ್ನನ್ನು ಕೇಳಿದರೆ ಇದು ಒಳ್ಳೆಯ ಯೋಚನೆ. ಉಳಿದ ದೇಶಗಳೂ ಇದೇ ದಾರಿ ಹಿಡಿದರೆ ನನಗೆ ಆಶ್ಚರ್ಯವಿಲ್ಲ.

ಕಾರಿನಲ್ಲಿ ಏನೇನು ಇರಬೇಕು ಅನ್ನುವ ಪಟ್ಟಿಗಳಿಗೆ ಒಂದು ರೋಗ ಇದೆ, ಬೇಗ ಹಳಸುತ್ತವೆ. ಫ್ರಾನ್ಸಿಗೆ ಹೊರಟವರಲ್ಲಿ ಕೆಲವರು ಇವತ್ತಿಗೂ ಕುಡಿತ ಪರೀಕ್ಷಿಸುವ ಊದುಕೊಳವೆ ಬೇಕು ಅಂತ ಬರುತ್ತಾರೆ. 2012ರ ಜುಲೈನಲ್ಲಿ ಆ ನಿಯಮ ಬಂದದ್ದು ನಿಜ. ಇಲ್ಲದಿದ್ದರೆ 11 ಯೂರೋ ದಂಡ ಅಂತಲೂ ಮಾತಾಯಿತು. ಆ ದಂಡ ಜಾರಿಗೇ ಬರಲಿಲ್ಲ, 2020ರಲ್ಲಿ ನಿಯಮವನ್ನೇ ತೆಗೆದರು. ಯಾರೋ ಎಂದೋ ಬರೆದ ಪಟ್ಟಿ ಮಾತ್ರ ಕೈಯಿಂದ ಕೈಗೆ ಓಡಾಡುತ್ತಲೇ ಇದೆ. ಹೊರಡುವ ವಾರ ಆಯಾ ದೇಶದ ಸರ್ಕಾರಿ ಮಾಹಿತಿಯನ್ನು ಒಮ್ಮೆ ನೋಡಿ. ಹೋದ ಸಲ ಹೋಗಿ ಬಂದ ನೆಂಟರ ಮಾತನ್ನೇ ನಂಬಿಕೊಂಡು ಹೊರಡಬೇಡಿ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜರ್ಮನಿ, ಆಸ್ಟ್ರಿಯಾದಲ್ಲಿ ಬೇಕು. ಅದರ ಅವಧಿ ಮುಗಿದಿದೆಯಾ ನೋಡಿ. ನಾನು ತೆರೆದು ನೋಡಿದ ಹಳೆಯ ಪೆಟ್ಟಿಗೆಗಳಲ್ಲಿ ಅಂಟುಪಟ್ಟಿ ಕೈಯಲ್ಲೇ ಪುಡಿಯಾಗಿದ್ದೂ ಉಂಟು. ಗ್ರೀಸ್, ರೊಮೇನಿಯಾ ಕಡೆ ಬೆಂಕಿ ಆರಿಸುವ ಸಿಲಿಂಡರ್ ಕೂಡ ಕೇಳುತ್ತಾರೆ. ಅದನ್ನು ಬಿಗಿಯಾಗಿ ಕಟ್ಟಿಡಿ. ಜೋರಾಗಿ ಬ್ರೇಕ್ ಹಾಕಿದಾಗ ಬಿಡಿ ಸಿಲಿಂಡರ್ ಉರುಳಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ, ಕಾಪಾಡಬೇಕಾದದ್ದೇ ಕುತ್ತು ತರುತ್ತದೆ.

ಬ್ರಿಟನ್ನಿನಿಂದ ಫ್ರಾನ್ಸಿಗೆ ದಾಟುವವರು ಮರೆಯುವುದು ಹೆಡ್‌ಲೈಟನ್ನು. ಎಡಗಡೆ ಓಡಿಸುವ ದೇಶದ ಕಾರಿನಲ್ಲಿ ಲೋ ಬೀಮ್ ಬೆಳಕು ಎಡಬದಿಗೆ ಸ್ವಲ್ಪ ಮೇಲೆದ್ದಿರುತ್ತದೆ, ರಸ್ತೆಯ ಅಂಚು ಕಾಣಲಿ ಅಂತ. ಅದೇ ಕಾರು ಬಲಗಡೆ ಓಡಿದರೆ ಆ ಬೆಳಕು ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಳೆಯ ದೀಪಗಳಿಗೆ ಬೆಳಕು ತಿರುಗಿಸುವ ಸ್ಟಿಕರ್ ಸಿಗುತ್ತದೆ. ಅದನ್ನು ದೀಪದ ನಮೂನೆಗೆ ತಕ್ಕ ಜಾಗದಲ್ಲೇ ಅಂಟಿಸಬೇಕು, ಗಾಜು ಒರೆಸಿ, ತಣ್ಣಗಾದ ಮೇಲೆ. ಹೊಸ ಎಲ್‌ಇಡಿ ದೀಪಗಳಲ್ಲಿ ಅನೇಕಕ್ಕೆ ಪರದೆಯ ಸೆಟ್ಟಿಂಗಿನಲ್ಲೇ ದಾರಿ ಇದೆ. ಕಾರಿನ ಜೊತೆ ಬಂದ ಪುಸ್ತಕ ಓದಿ, ಅದಿರುವುದೇ ಇಂಥದ್ದಕ್ಕೆ. ಅಂದಹಾಗೆ, ಯಾವ ದೇಶದ ಕಾರು ಅಂತ ತೋರಿಸಲು ಬ್ರಿಟನ್ನಿನವರು ಮೊದಲು ಅಂಟಿಸುತ್ತಿದ್ದ ಜಿಬಿ ಸ್ಟಿಕರ್ ಈಗ ನಡೆಯುವುದಿಲ್ಲ. 2021ರ ಸೆಪ್ಟೆಂಬರ್ 28ರಿಂದ ಅದು ಯುಕೆ.

ಇಟ್ಟುಕೊಳ್ಳಬಾರದ ವಸ್ತುವೂ ಒಂದಿದೆ. ವೇಗದ ಕ್ಯಾಮೆರಾವನ್ನು ಮೊದಲೇ ಪತ್ತೆ ಹಚ್ಚುವ ಡಿಟೆಕ್ಟರ್. ಫ್ರಾನ್ಸಿನಲ್ಲಿ ಅದನ್ನು ಬಳಸದೇ ಸುಮ್ನೆ ಕಾರಲ್ಲಿ ಇಟ್ಟುಕೊಂಡಿದ್ದರೂ ತಪ್ಪು. ದಂಡ 1,500 ಯೂರೋವರೆಗೆ ಹೋಗುತ್ತದೆ. ಜರ್ಮನಿಯಲ್ಲಿ ಓಡಿಸುವವರು ಫೋನಿನ ಆ್ಯಪ್ ಮೂಲಕ ಕ್ಯಾಮೆರಾ ಎಚ್ಚರಿಕೆ ಪಡೆಯುವಂತಿಲ್ಲ. ಗಡಿ ದಾಟುವ ಮೊದಲು ಆಫ್ ಮಾಡಿ.

ಚಳಿಗಾಲದ ಕಥೆಯೇ ಬೇರೆ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರು ಬೇಕೇ ಬೇಕು. ಅದರ ಮೇಲಿನ ಗೀರುಗಳ ಆಳ ಕನಿಷ್ಠ 4 ಮಿಲಿಮೀಟರ್ ಇರಬೇಕು. ಜರ್ಮನಿಯಲ್ಲಿ ತಾರೀಖಿನ ಲೆಕ್ಕ ಇಲ್ಲ, ರಸ್ತೆಯ ಸ್ಥಿತಿಯದ್ದೇ ಲೆಕ್ಕ. 2024ರ ಅಕ್ಟೋಬರಿನಿಂದ ಟೈರಿನ ಮೇಲೆ ಬೆಟ್ಟ ಮತ್ತು ಹಿಮದ ಹರಳಿನ ಚಿತ್ರ ಇಲ್ಲದಿದ್ದರೆ ಅಲ್ಲಿ ಅದು ಚಳಿಗಾಲದ ಟೈರೇ ಅಲ್ಲ. ಫ್ರಾನ್ಸಿನ ಗುಡ್ಡಗಾಡು ಪ್ರದೇಶಗಳಲ್ಲಿ ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ಅಂಥ ಟೈರು ಅಥವಾ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನು ಬೇಕು. ಚೈನ್ ಕೊಂಡವರಿಗೆ ಒಂದು ಮಾತು: ಮನೆಯ ಮುಂದೆ, ಹಗಲಿನಲ್ಲಿ, ಒಮ್ಮೆ ಹಾಕಿ ತೆಗೆದು ನೋಡಿ. ನನ್ನ ಗಿರಾಕಿ ಒಬ್ಬರು ಹಿಮದಲ್ಲಿ ಮಂಡಿಯೂರಿ ಕೂತು ಡಬ್ಬಿ ತೆರೆದಾಗಲೇ ಅದು ಬೇರೆ ಅಳತೆಯ ಚೈನು ಅಂತ ಗೊತ್ತಾಯಿತಂತೆ.

ಬಾಡಿಗೆ ಕಾರಿನವರೂ ನಿಶ್ಚಿಂತೆಯಿಂದ ಕೂರುವಂತಿಲ್ಲ. ಕಂಪನಿಯವರು ಆ ದೇಶದ ನಿಯಮಕ್ಕೆ ಬೇಕಾದಷ್ಟು ಇಟ್ಟಿರಬಹುದು, ನೀವು ಪಕ್ಕದ ದೇಶಕ್ಕೂ ಹೋಗುವವರು. ಅಲ್ಲಿ ಬೇರೆಯದೇ ಪಟ್ಟಿ. ಕೀ ಕೈಗೆ ಬಂದ ತಕ್ಷಣ, ಕೌಂಟರಿನವರು ಇನ್ನೂ ಎದುರಿಗೆ ಇರುವಾಗಲೇ ಡಿಕ್ಕಿ ತೆಗೆಯಿರಿ. ಏನೇನಿದೆ ನೋಡಿ, ಇಲ್ಲದ್ದನ್ನು ಕೇಳಿ ಪಡೆಯಿರಿ. ಆಮೇಲೆ ಜಾಕೆಟ್ಟನ್ನು ತೆಗೆದು ಸೀಟಿನ ಕೆಳಗೆ ಹಾಕಿಕೊಂಡೇ ಸೂಟ್‌ಕೇಸ್ ತುಂಬಿ. ಗಡಿಯಾಚೆ ಪೊಲೀಸರು ನಿಲ್ಲಿಸಿದರೆ ಮೊದಲು ಕೇಳುವುದು ಸ್ಟೇರಿಂಗ್ ಹಿಡಿದವರನ್ನೇ.