ಮೊದಲು ಕೋರ್ಟಿನ ಆದೇಶ, ಆಮೇಲೆ ಗರ್ಭ

ಬಾಡಿಗೆ ತಾಯ್ತನದ ವಿಷಯಕ್ಕೆ ನನ್ನ ವಕೀಲಿ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಆಗಲೇ ಒಂದು ಇ-ಸ್ಟಾಂಪ್ ಪೇಪರ್ ಇರುತ್ತದೆ. ಅದರ ಮೇಲೆ ನೋಟರಿ ಸೀಲು, ಇಬ್ಬರು ಸಾಕ್ಷಿಗಳ ಸಹಿ. "ಎಲ್ಲಾ ಪಕ್ಕಾ ಮಾಡಿಸಿದೀವಿ ಮೇಡಂ, ಒಂದ್ಸಲ ನೋಡಿಬಿಡಿ ಅಷ್ಟೇ" ಅನ್ನುತ್ತಾರೆ. ಓದುತ್ತಾ ಹೋದರೆ ಮೈ ಉರಿಯುತ್ತದೆ. "ಎರಡನೇ ಪಾರ್ಟಿಯವರು ಹೆರಿಗೆಯಾದ ಮೂರನೇ ದಿನ ಮಗುವನ್ನು ಮೊದಲನೇ ಪಾರ್ಟಿಯವರ ಸ್ವಾಧೀನಕ್ಕೆ ಕೊಡತಕ್ಕದ್ದು. ತಪ್ಪಿದಲ್ಲಿ ಪಡೆದ ಹಣವನ್ನು ದುಪ್ಪಟ್ಟಾಗಿ ಹಿಂದಿರುಗಿಸತಕ್ಕದ್ದು." ಸೈಟು ಮಾರುವ ಅಗ್ರಿಮೆಂಟನ್ನೇ ಇಟ್ಟುಕೊಂಡು, ಸೈಟು ಅಂತ ಇದ್ದ ಕಡೆ ಮಗು ಅಂತ ಬರೆದಿರುತ್ತಾರೆ.

ಈ ಕಾಗದದಿಂದ ನೀವು ತಂದೆ ತಾಯಿ ಆಗುವುದಿಲ್ಲ. ಅದರಲ್ಲಿ ಹಣದ ಮೊತ್ತ ಬರೆದಿದ್ದರಂತೂ ನಿಮ್ಮ ವಿರುದ್ಧ ನೀವೇ ಸಾಕ್ಷಿ ಬರೆದು ಸಹಿ ಹಾಕಿದ ಹಾಗೆ. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅಲ್ಲಿಂದಾಚೆಗೆ ದುಡ್ಡಿಗೆ ಹೆತ್ತುಕೊಡುವುದು, ಕೊಡಿಸುವುದು ಎರಡೂ ಅಪರಾಧ. ಈ ದಂಧೆ ನಡೆಸಿದವರಿಗೆ 10 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಹಣ ಕೊಟ್ಟು ಮಾಡಿಸಿಕೊಂಡ ದಂಪತಿಗೂ ಶಿಕ್ಷೆ ಇದೆ. ಹೆರುವ ಹೆಣ್ಣುಮಗಳ ವೈದ್ಯಕೀಯ ಖರ್ಚು, ನಿಯಮದಲ್ಲಿ ಹೇಳಿದ ಇತರ ಖರ್ಚು, ವಿಮೆ, ಇಷ್ಟನ್ನು ಮಾತ್ರ ನೀವು ಭರಿಸಬಹುದು.

ಯಾರಿಗೆ ಅವಕಾಶ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಮದುವೆಯಾದ ಭಾರತೀಯ ದಂಪತಿ, ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55. ಗರ್ಭಕೋಶ ಇಲ್ಲದಿರುವುದು, ಐವಿಎಫ್ ಮತ್ತೆ ಮತ್ತೆ ಸೋತಿರುವುದು, ಗರ್ಭ ಧರಿಸಿದರೆ ಜೀವಕ್ಕೇ ಅಪಾಯ ಇರುವುದು, ಇಂಥ ವೈದ್ಯಕೀಯ ಕಾರಣ ಬೇಕು. ಬದುಕಿರುವ ಮಗು ಇರಬಾರದು. ಆ ಮಗುವಿಗೆ ಗಂಭೀರ ಕಾಯಿಲೆ ಅಥವಾ ಅಂಗವಿಕಲತೆ ಇದ್ದರೆ ವಿನಾಯಿತಿ ಇದೆ. ಒಂಟಿ ಹೆಂಗಸರಲ್ಲಿ ವಿಧವೆ ಮತ್ತು ವಿಚ್ಛೇದಿತೆಗೆ ಮಾತ್ರ, ಅದೂ 35ರಿಂದ 45ರೊಳಗೆ.

ಇನ್ನು ನಾನು ಹೇಳಿ ಹೇಳಿ ಸೋತಿರುವ ವಿಷಯಕ್ಕೆ ಬರುತ್ತೇನೆ. ಕಾಗದ ಮೊದಲು, ಭ್ರೂಣ ಆಮೇಲೆ.

ಮೊದಲು ಜಿಲ್ಲಾ ವೈದ್ಯಕೀಯ ಮಂಡಳಿ ನಿಮಗೆ ಬಾಡಿಗೆ ತಾಯ್ತನ ಯಾಕೆ ಬೇಕು ಎಂದು ಪ್ರಮಾಣಪತ್ರ ಕೊಡಬೇಕು. ಆಮೇಲೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ, ಅಂದರೆ ನಮ್ಮ ಊರುಗಳ ಜೆಎಂಎಫ್‌ಸಿ ಕೋರ್ಟಿನಲ್ಲಿ, ನೀವು ಮತ್ತು ಹೆರಲು ಒಪ್ಪಿದ ಹೆಣ್ಣುಮಗಳು ಸೇರಿ ಅರ್ಜಿ ಹಾಕಬೇಕು. ಮುಂದೆ ಹುಟ್ಟುವ ಮಗುವಿನ ತಂದೆ ತಾಯಿ ಯಾರು, ಮಗು ಯಾರ ಸುಪರ್ದಿಗೆ ಹೋಗುತ್ತದೆ ಎಂದು ಕೋರ್ಟು ಆದೇಶ ಮಾಡುತ್ತದೆ. ಆಕೆಯ ಹೆಸರಿನಲ್ಲಿ 36 ತಿಂಗಳ ಆರೋಗ್ಯ ವಿಮೆ ಮಾಡಿಸಬೇಕು. ಇಷ್ಟೂ ಇದ್ದರೆ ಸಂಬಂಧಪಟ್ಟ ಪ್ರಾಧಿಕಾರ ಪ್ರಮಾಣಪತ್ರ ಕೊಡುತ್ತದೆ. ಅದು ಕೈಗೆ ಬಂದ ಮೇಲಷ್ಟೇ ಡಾಕ್ಟರು ಆಕೆಯ ಗರ್ಭಕೋಶದಲ್ಲಿ ಭ್ರೂಣ ಇಡಬಹುದು.

ಮಗು ಹುಟ್ಟಿದ ದಿನ ನೋಂದಣಿಗೆ ನಿಮ್ಮ ಕೈಯಲ್ಲಿರುವ ಆಧಾರ ಯಾವುದು ಗೊತ್ತಾ? ಆಗ ತಗೊಂಡ ಆ ಕೋರ್ಟ್ ಆದೇಶವೇ. ಕಾಯ್ದೆ ಅದನ್ನೇ ಜನನದ ಅಫಿಡವಿಟ್ ಅನ್ನುತ್ತದೆ. ಅದು ಇಲ್ಲದಿದ್ದರೆ ಆಸ್ಪತ್ರೆ ಹೆತ್ತವಳ ಹೆಸರನ್ನೇ ತಾಯಿ ಅಂತ ಬರೆಯುತ್ತದೆ, ಬರೆಯಲೇಬೇಕು. ಕೆಲವರು ಇದಕ್ಕೆ ಒಂದು "ಐಡಿಯಾ" ಹುಡುಕಿಕೊಂಡು ಬರುತ್ತಾರೆ. ಹೆರುವವಳನ್ನು ಹೆಂಡತಿಯ ಆಧಾರ್ ಕಾರ್ಡ್ ಕೊಟ್ಟು ಅಡ್ಮಿಟ್ ಮಾಡಿಸಿದರೆ ಆಗಲ್ವಾ ಅಂತ. ಆಗಲ್ಲ. ಅದು ಸುಳ್ಳು ದಾಖಲೆ ಸೃಷ್ಟಿಸಿದ ಇನ್ನೊಂದು ಕೇಸು. ಹೆರಿಗೆ ಮೇಜಿನ ಮೇಲೆ ಆ ಹೆಣ್ಣುಮಗಳಿಗೆ ರಕ್ತ ಬೇಕಾದರೆ ಕೇಸ್ ಶೀಟಿನಲ್ಲಿ ಯಾರ ರಕ್ತದ ಗುಂಪು ಇರುತ್ತದೆ, ಯೋಚಿಸಿದ್ದೀರಾ?

ಒಂದು ದಂಪತಿ ಹೆರುವವಳಿಗೆ ಐದು ತಿಂಗಳು ತುಂಬಿದ ಮೇಲೆ ಬಂದರು. ಏಜೆಂಟ್ ಫೋನ್ ಎತ್ತುತ್ತಿರಲಿಲ್ಲ. "ಹಿಂದಿನ ತಾರೀಖು ಹಾಕಿ ಆರ್ಡರ್ ಮಾಡಿಸಕ್ಕಾಗಲ್ವಾ?" ಅಂತ ಕೇಳಿದರು. ಕೆಟ್ಟವರಲ್ಲ, ಹನ್ನೆರಡು ವರ್ಷ ಕಾದವರು. ಆದರೆ ಆ ಪ್ರಶ್ನೆಗೆ ಯಾವ ವಕೀಲರೂ ಹೂಂ ಅನ್ನಲಾರರು. ಆ ವಿಷಯ ಇನ್ನೂ ಕೋರ್ಟಿನಲ್ಲಿದೆ, ಹಾಗಾಗಿ ಜಾಸ್ತಿ ಬರೆಯುವಂತಿಲ್ಲ.

ಇಷ್ಟೊಂದು ಕಾಗದ ಸುಮ್ನೆ ಸತಾಯಿಸುವುದಕ್ಕೆ ಅಂದುಕೊಳ್ಳಬೇಡಿ. ಭ್ರೂಣ ಇಡುವವರೆಗೂ ಆ ಹೆಣ್ಣುಮಗಳು ಒಲ್ಲೆ ಅನ್ನಬಹುದು. ದುಪ್ಪಟ್ಟು ಹಣದ ಷರತ್ತು ಹಾಕಿ ಆ ಹಕ್ಕನ್ನು ಕಿತ್ತುಕೊಳ್ಳಲು ಬರುವುದಿಲ್ಲ. ಮಗು ಹುಟ್ಟಿದ ಮೇಲೆ ನೀವು ಒಲ್ಲೆ ಅನ್ನುವಂತಿಲ್ಲ. ಹೆಣ್ಣಾಯಿತು, ಅವಳಿ ಆಯಿತು, ಏನೋ ನ್ಯೂನತೆ ಇದೆ, ಯಾವ ನೆಪಕ್ಕೂ ಬಿಟ್ಟುಹೋಗುವಂತಿಲ್ಲ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಗರ್ಭ ನಿಂತ ಮೇಲೆ ಇದನ್ನೆಲ್ಲ ಮಾತಾಡಲು ಕೂತರೆ ಯಾರಿಗೂ ಬಾಯಿ ಇರುವುದಿಲ್ಲ. ಹೆರುವವಳಿಗಂತೂ ಇರುವುದೇ ಇಲ್ಲ.

ಹೆರುವವಳು ಹತ್ತಿರದ ಸಂಬಂಧಿಯೇ ಆಗಿರಬೇಕು ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. 2019ರ ಮಸೂದೆಯಲ್ಲಿ ಹಾಗಿತ್ತು. ಕೊನೆಗೆ ಬಂದ ಕಾಯ್ದೆಯಲ್ಲಿ ಇರುವುದು ಮನಸಾರೆ ಒಪ್ಪಿದ ಹೆಂಗಸು ಅಂತ. ಮದುವೆಯಾಗಿರಬೇಕು, ಸ್ವಂತ ಮಗು ಇರಬೇಕು, 25ರಿಂದ 35 ವಯಸ್ಸು, ಜೀವನದಲ್ಲಿ ಒಂದೇ ಸಲ. ಅಂಡಾಣು ಅವಳದ್ದಾಗಿರಬಾರದು. ಈ ತಪ್ಪು ತಿಳಿವಳಿಕೆಯಿಂದ ಮನೆಯ ಹೆಣ್ಣುಮಕ್ಕಳ ಮೇಲೆ ಬೀಳುವ ಒತ್ತಡವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕುಟುಂಬ ಗಂಡನ ತಂಗಿಯನ್ನು ಕರೆತಂದಿತ್ತು. "ಒಡಹುಟ್ಟಿದ ಅಣ್ಣನಿಗೆ ಇಷ್ಟು ಮಾಡಲ್ವಾ ಅವಳು?" ಅಂತ ತಾಯಿಯೇ ಮಾತು ಮುಗಿಸಿದರು. ಎಲ್ಲರನ್ನೂ ಆಚೆ ಕೂರಿಸಿದೆ. ಹುಡುಗಿ ಪರ್ಸಿನ ಜಿಪ್ ತೆಗೆಯುತ್ತಾ ಹಾಕುತ್ತಾ ಕೂತಳು. ಮೊದಲ ಹೆರಿಗೆ ಸಿಸೇರಿಯನ್, ಆಗ ತುಂಬಾ ಕಷ್ಟಪಟ್ಟಿದ್ದಳಂತೆ. ಕೊನೆಗೆ, "ಅತ್ತಿಗೆ ಅಂದ್ರೆ ನಂಗೆ ಪ್ರಾಣ ಮೇಡಂ. ನಾನು ಆಗಲ್ಲ ಅಂದೆ ಅಂತ ಮಾತ್ರ ಹೇಳಬೇಡಿ" ಅಂದಳು. ಆಚೆ ಬಂದು, ಈ ಅರ್ಜಿ ನಾನು ಹಾಕುವುದಿಲ್ಲ, ಕಾರಣ ಕೇಳಬೇಡಿ ಅಂದೆ. ಆ ಮನೆಯವರು ಮತ್ತೆ ನನ್ನ ಹತ್ತಿರ ಬರಲಿಲ್ಲ. ಬೇಜಾರಿಲ್ಲ. ಒಪ್ಪಿಗೆಯನ್ನು ಅವಳಿಗೆ ಅರ್ಥವಾಗುವ ಭಾಷೆಯಲ್ಲಿ, ಅಪಾಯಗಳನ್ನೆಲ್ಲ ತಿಳಿಸಿ ಪಡೆಯಬೇಕು ಎಂದು ಕಾಯ್ದೆ ಹೇಳುತ್ತದೆ. ತಾಯಿ, ಅಣ್ಣ ಪಕ್ಕದಲ್ಲೇ ಕೂತಿದ್ದರೆ ಆ ಒಪ್ಪಿಗೆಗೆ ಏನರ್ಥ?

ದಾನಿಯ ಅಂಡಾಣು ಅಥವಾ ವೀರ್ಯದ ಬಗ್ಗೆಯೂ ಹಳೆಯ ಸುದ್ದಿ ಓದಿ ಕೈಬಿಟ್ಟವರಿದ್ದಾರೆ. 2023ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ ಅದು ನಿಂತಿತ್ತು, ನಿಜ. 2024ರ ಫೆಬ್ರುವರಿಯಲ್ಲಿ ಮತ್ತೆ ತಿದ್ದಿದರು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ತೊಂದರೆ ಇದೆ ಎಂದು ಜಿಲ್ಲಾ ಮಂಡಳಿ ಹೇಳಿದರೆ ಅವರ ಬದಲು ದಾನಿಯದ್ದು ಬಳಸಬಹುದು, ಇನ್ನೊಬ್ಬರದ್ದು ಸ್ವಂತದ್ದೇ ಇರಬೇಕು. ವಿಧವೆ ಅಥವಾ ವಿಚ್ಛೇದಿತೆಯಾದರೆ ಅಂಡಾಣು ಅವರದ್ದೇ ಆಗಬೇಕು. ನಿಯಮಗಳು ಹೀಗೆ ಬದಲಾಗುತ್ತಲೇ ಇವೆ, ಒಬ್ಬರ ಕೇಸಿನ ಹಾಗೆ ಇನ್ನೊಬ್ಬರದ್ದು ಇರುವುದಿಲ್ಲ. ಇಲ್ಲಿ ಓದಿದ್ದನ್ನೇ ನಂಬಿ ಹೆಜ್ಜೆ ಇಡಬೇಡಿ, ನಿಮ್ಮ ಕಾಗದ ಹಿಡಿದು ಯಾರಾದರೂ ವಕೀಲರನ್ನು ಕಾಣಿ.

ವಯಸ್ಸು ಮೀರಿತು ಅಂತ ಆಸೆ ಬಿಟ್ಟವರಿಗೆ ಒಂದು ಮಾತು. ಕಾಯ್ದೆ ಜಾರಿಯಾಗುವ ಮೊದಲೇ ಬಾಡಿಗೆ ತಾಯ್ತನಕ್ಕೆಂದು ಭ್ರೂಣ ಮಾಡಿಸಿ ಫ್ರೀಜ್ ಮಾಡಿಟ್ಟಿದ್ದ ದಂಪತಿಗೆ ಈ ವಯಸ್ಸಿನ ಮಿತಿ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ನೀವು ಅಂಥವರಾಗಿದ್ದರೆ ಫ್ರೀಜಿಂಗ್ ಒಪ್ಪಿಗೆ ಪತ್ರ, ವರ್ಷ ವರ್ಷ ಕಟ್ಟಿದ ಶುಲ್ಕದ ರಸೀದಿ, ಡಾಕ್ಟರು ಬರೆದ ಹಳೆಯ ಚೀಟಿ ಎಲ್ಲಾ ಹುಡುಕಿ ಒಂದು ಫೈಲಿಗೆ ಹಾಕಿ. ತಾರೀಖು 2022ರ ಜನವರಿ 25ಕ್ಕಿಂತ ಹಿಂದಿನದಾ ಅಂತ ಮೊದಲು ನೋಡಿಕೊಳ್ಳಿ.