ಸುಲಭದ ಪ್ರಶ್ನೆ ತಪ್ಪಿದರೆ ಮೂರು ಅಂಕ ಕಡಿತ

ದಕ್ಷಿಣ ಆಫ್ರಿಕಾದಲ್ಲಿ ಪ್ರಾಣಿಗಳ ಜಾಡು ಹಿಡಿಯುವವರಿಗೆ ಒಂದು ಪರೀಕ್ಷೆ ಇದೆ. ಅದರಲ್ಲಿ ಬರೆಯುವುದೇನೂ ಇಲ್ಲ. ಪರೀಕ್ಷಕರು ನೆಲದ ಮೇಲಿನ ಒಂದು ಗುರುತಿನ ಸುತ್ತ ಗೆರೆ ಎಳೆದು ‘ಇದು ಯಾವುದರದು?’ ಎಂದು ಕೇಳುತ್ತಾರೆ. ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಬಂದು, ಮಿಕ್ಕವರಿಗೆ ಕೇಳಿಸದಂತೆ ಉತ್ತರ ಹೇಳಬೇಕು. ಸುಲಭದ ಪ್ರಶ್ನೆ ಸರಿಯಾದರೆ ಒಂದು ಅಂಕ, ತಪ್ಪಿದರೆ ಮೂರು ಅಂಕ ಕಡಿತ. ಕಷ್ಟದ್ದಾದರೆ ಎರಡು ಬರುತ್ತದೆ, ಇಲ್ಲವೇ ಎರಡು ಹೋಗುತ್ತದೆ. ತೀರಾ ಕಷ್ಟದ ಪ್ರಶ್ನೆಗೆ ಮಾತ್ರ ಲೆಕ್ಕ ತಿರುಗುಮುರುಗು: ಸರಿಯಾದರೆ ಮೂರು, ತಪ್ಪಿದರೆ ಒಂದೇ ಕಡಿತ. ಮೊದಲ ಹಂತ ದಾಟಲು ಶೇ. 70 ಬೇಕು. ವೃತ್ತಿಪರ ಎನಿಸಿಕೊಳ್ಳಲು ಶೇ. 100.

ಈ ಪರೀಕ್ಷೆಯನ್ನು 1994ರಲ್ಲಿ ಶುರು ಮಾಡಿದವರು ಲೂಯಿಸ್ ಲೀಬೆನ್‌ಬರ್ಗ್. ಆನೆಯ ಹೆಜ್ಜೆ ಗೊತ್ತಾಗದವನು ಕಾಡಿನಲ್ಲಿ ಜೊತೆಗಿರುವವರ ಪ್ರಾಣಕ್ಕೇ ಸಂಚಕಾರ. ಮುಂಗುಸಿಗಳಲ್ಲಿ ಯಾವ ಜಾತಿಯದೆಂದು ತಿಳಿಯದವನಿಂದ ಅಂಥ ನಷ್ಟವಿಲ್ಲ. ಅಂಕಗಳ ಹಂಚಿಕೆಯಲ್ಲಿ ಈ ವಿವೇಕವಿದೆ. ಬಾಯಿಮಾತಿನ ಹೆಗ್ಗಳಿಕೆಗೆ ಇಲ್ಲಿ ಜಾಗವಿಲ್ಲ ಎಂಬುದೇ ಅವರ ಇಡೀ ಕೆಲಸದ ತಿರುಳು ಎಂದರೂ ನಡೆಯುತ್ತದೆ.

ಲೀಬೆನ್‌ಬರ್ಗ್ ದಕ್ಷಿಣ ಆಫ್ರಿಕಾದವರು. ವಿಶ್ವವಿದ್ಯಾಲಯದ ಓದನ್ನು ಬಿಟ್ಟು 1980ರ ದಶಕದಲ್ಲಿ ಕಲಹರಿ ಮರುಭೂಮಿಯ ಸ್ಯಾನ್ ಎಂಬ ಬುಡಕಟ್ಟಿನ ಬೇಟೆಗಾರರ ಬಳಿ ಜಾಡು ಕಲಿಯಲು ಹೋದರು. ಜಾಡು ಹಿಡಿಯುವುದೂ ವಿಜ್ಞಾನದ ಯೋಚನೆಯೂ ಒಂದೇ ಬೇರಿನವು ಎಂಬುದು ಅವರ 1990ರ ಪುಸ್ತಕದ ವಾದ. ಒದ್ದೆ ಮರಳಿನಲ್ಲಿ ಒಂದಾದ ಮೇಲೊಂದು ಹೆಜ್ಜೆ ನೋಡುತ್ತ ಹೋಗುವುದು ಸರಳ. ಗಟ್ಟಿ ನೆಲದಲ್ಲಿ ಮುರಿದ ಕಡ್ಡಿ, ಮಗುಚಿದ ಕಲ್ಲು, ಬಾಗಿದ ಹುಲ್ಲು ಇಷ್ಟನ್ನೇ ಕೂಡಿಸಿ ಮುನ್ನಡೆಯುವುದು ಅದಕ್ಕಿಂತ ಮೇಲಿನದು. ಮೂರನೆಯ ಬಗೆಯಲ್ಲಿ ಗುರುತುಗಳೇ ಸಾಲದು. ಪ್ರಾಣಿ ನೀರಿಗೆ ಹೊರಟಿದೆ ಎಂದು ಊಹಿಸಿ, ಆ ಊಹೆ ಸರಿಯಿದ್ದರೆ ಎಲ್ಲಿ ಹೆಜ್ಜೆ ಸಿಗಬೇಕೋ ಅಲ್ಲಿಗೆ ನೇರ ಹೋಗಿ ನೋಡಬೇಕು. ಸಿಗದಿದ್ದರೆ ಊಹೆಯನ್ನು ಬಿಟ್ಟುಬಿಡಬೇಕು. ಹೊಸಬರು ಸೋಲುವುದು ಈ ಕೊನೆಯ ಮಾತಿನಲ್ಲಿ. ತಮ್ಮ ಊಹೆಗೆ ಒಪ್ಪುವ ಗುರುತುಗಳನ್ನೇ ಅವರ ಕಣ್ಣು ಹುಡುಕುತ್ತದೆ.

ಜಾಡು ಹಿಡಿದು ನಡೆಯುವ ಕ್ರಮ ಕಲಿಯಲು ಒಂದು ಕೋಲು ಸಾಕು. ಸುಮಾರು ಒಂದು ಮೀಟರ್ ಉದ್ದದ ಕೋಲಿಗೆ ಎರಡು ರಬ್ಬರ್ ಬ್ಯಾಂಡ್ ಹಾಕಿ. ಮನುಷ್ಯನ ಜಾಡಾದರೆ, ಹಿಂದಿನ ಹೆಜ್ಜೆಯ ಬೆರಳ ತುದಿಯ ಮೇಲೆ ಒಂದು ಬ್ಯಾಂಡ್ ಬರುವಂತೆ, ಮುಂದಿನ ಹೆಜ್ಜೆಯ ಹಿಮ್ಮಡಿಗೆ ಕೋಲಿನ ತುದಿ ತಾಗುವಂತೆ ಇಟ್ಟು ಅಳತೆ ಹಿಡಿಯಬೇಕು. ಎರಡನೆಯ ಬ್ಯಾಂಡ್ ಪಾದದ ಉದ್ದಕ್ಕೆ. ಜಾಡು ಮಸುಕಾದಲ್ಲಿ, ಸಿಕ್ಕ ಕೊನೆಯ ಹೆಜ್ಜೆಯ ಮೇಲೆ ಮೊದಲ ಬ್ಯಾಂಡನ್ನಿಟ್ಟು ತುದಿಯನ್ನು ಕಮಾನಿನಂತೆ ಆಡಿಸಿದರೆ ಮುಂದಿನ ಹೆಜ್ಜೆ ಆ ಕಮಾನಿನ ಆಸುಪಾಸಿನಲ್ಲೇ ಇರಬೇಕು. ಹುಡುಕುವ ಜಾಗ ಒಂದೆರಡು ಗೇಣಿಗೆ ಇಳಿಯುತ್ತದೆ. ವೇಗ ಬದಲಾದರೆ ಅಥವಾ ಏರು ಬಂದರೆ ಅಳತೆ ಕೈಕೊಡುತ್ತದೆ. ಆಗ ಹೊಸದಾಗಿ ಅಳೆಯಬೇಕು.

ಬೆಳಕಿನ ವಿಷಯದಲ್ಲಂತೂ ರಾಜಿಯಿಲ್ಲ. ಗುರುತು ನಿಮಗೂ ಸೂರ್ಯನಿಗೂ ನಡುವೆ ಇರಬೇಕು. ಬೆಳಿಗ್ಗೆ, ಸಂಜೆ ಓರೆಯಾಗಿ ಬೀಳುವ ಬಿಸಿಲಿಗೆ ಹೆಜ್ಜೆಯ ಅಂಚು ನೆರಳು ಚೆಲ್ಲುತ್ತದೆ; ನಡುಹಗಲಲ್ಲಿ ಅದೇ ಹೆಜ್ಜೆ ಕಣ್ಣೆದುರಿದ್ದರೂ ಕಾಣದು. ನೋಟ ಕಾಲಬುಡದಲ್ಲಿರದೆ 5ರಿಂದ 10 ಮೀಟರ್ ಮುಂದಿರಬೇಕು. ಬುಡವನ್ನೇ ನೋಡುತ್ತ ನಡೆದವನು ನಿಧಾನವಾಗುತ್ತಾನೆ, ದಿಕ್ಕು ತಪ್ಪುತ್ತಾನೆ, ಎದುರಿನ ಪೊದೆಯಲ್ಲಿ ಮಲಗಿರುವ ಪ್ರಾಣಿಯನ್ನು ತುಳಿಯುವಷ್ಟು ಹತ್ತಿರ ಹೋಗುತ್ತಾನೆ. ಜಾಡು ತಪ್ಪಿದರೆ ಕೊನೆಯ ಹೆಜ್ಜೆಗೆ ಗುರುತಿಟ್ಟು, ಮೊದಲು ಸಹಜವಾದ ದಾರಿಗಳನ್ನು ನೋಡಿ, ಆಮೇಲೆ ಸುತ್ತು ಹಾಕಬೇಕು. ಗಾಬರಿಯಲ್ಲಿ ಎಲ್ಲೆಂದರಲ್ಲಿ ಓಡಾಡಿದರೆ ಉಳಿದ ಗುರುತೂ ನಮ್ಮ ಪಾದದಡಿಯೇ ಹೋಗುತ್ತದೆ.

ಈ ವಿದ್ಯೆಯ ಅತಿ ಕಠಿಣ ಬಳಕೆ ಕಲಹರಿಯ ಓಟದ ಬೇಟೆ. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದಾಗ ಹೊಟ್ಟೆ ತುಂಬ ನೀರು ಕುಡಿದು ಹೊರಡುವ ಬೇಟೆಗಾರರು, ಕುಡು ಎಂಬ ದೊಡ್ಡ ಜಿಂಕೆಯಂಥ ಪ್ರಾಣಿಯನ್ನು 25ರಿಂದ 35 ಕಿ.ಮೀ. ಅಟ್ಟುತ್ತಾರೆ. ಕುಡು ಮೈ ತಣಿಸಿಕೊಳ್ಳಲು ಏದುಸಿರು ಬಿಡಬೇಕು. ನಾಗಾಲೋಟದಲ್ಲಿ ಅದು ಸಾಧ್ಯವಿಲ್ಲ. ಮನುಷ್ಯನಿಗೋ ಓಡುತ್ತಲೇ ಬೆವರುವ ಮೈ ಇದೆ. ನೆರಳಿಗೆ ನಿಂತ ಕುಡುವನ್ನು ಮತ್ತೆ ಮತ್ತೆ ಎಬ್ಬಿಸಿದರೆ ಕೊನೆಗೆ ಅದು ಕಾಯ್ದ ಮೈಯಲ್ಲಿ ಕುಸಿಯುತ್ತದೆ. ಓಟದ ಬಲಕ್ಕಿಂತ ಇಲ್ಲಿ ಬೇಕಾದ್ದು ಹೆಜ್ಜೆಯ ಓದು. ಕುಡು ತಿರುಗಿ ಹಿಂಡಿಗೆ ಸೇರಿಕೊಂಡಾಗ ಅದರ ಹೆಜ್ಜೆಯನ್ನೇ ಬೇರ್ಪಡಿಸಿ ಹಿಡಿಯದಿದ್ದರೆ ವಿಶ್ರಾಂತಿ ಪಡೆದ ಇನ್ನೊಂದು ಪ್ರಾಣಿಯ ಹಿಂದೆ ಓಡಿದಂತಾಗುತ್ತದೆ. ಅಲ್ಲಿಗೆ ಬೇಟೆ ಮುಗಿಯಿತು. ಲೀಬೆನ್‌ಬರ್ಗ್ 1990ರಲ್ಲಿ ಹೀಗೊಂದು ಓಟಕ್ಕೆ ಇಳಿದು, ಬೆವರೇ ನಿಂತುಹೋಗಿ ಪ್ರಾಣಕ್ಕೆ ತಂದುಕೊಂಡಿದ್ದರು. 2006ರಲ್ಲಿ ಅವರು ಇದರ ವಿವರಗಳನ್ನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಮನುಷ್ಯನ ಮೈ ದೂರ ಓಡಲೆಂದೇ ರೂಪುಗೊಂಡಿತೇ ಎಂಬ ವಿಕಾಸದ ಚರ್ಚೆಗೆ ಕಣ್ಣಾರೆ ಕಂಡ ಪುರಾವೆಯೊಂದು ಸಿಕ್ಕಿತು.

ಅವರ ಇನ್ನೊಂದು ಕೆಲಸ ಸೈಬರ್‌ಟ್ರ್ಯಾಕರ್ ಎಂಬ ತಂತ್ರಾಂಶ. ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರಿನ ಪರದೆಯ ಮೇಲೆ ಪ್ರಾಣಿ, ಗಿಡ, ಮಲ, ಮೇವು ಇವುಗಳ ಚಿತ್ರಗಳು. ಅವನ್ನು ಒತ್ತಿದರೆ ಸ್ಥಳದ ಜಿಪಿಎಸ್ ಸಮೇತ ದಾಖಲೆ ಸಿದ್ಧ. ಓದುಬರಹ ಬಾರದ ಕಾರೆಲ್ ಬೆನಾಡಿ ಮತ್ತು ಜೇಮ್ಸ್ ಮಿನ್ಯೆ ಕರೂ ರಾಷ್ಟ್ರೀಯ ಉದ್ಯಾನದಲ್ಲಿ ಇದರಿಂದಲೇ ಕಪ್ಪು ಖಡ್ಗಮೃಗಗಳ ಮೇವಿನ ಮಾಹಿತಿ ಕಲೆಹಾಕಿ, 1999ರ ಸಂಶೋಧನಾ ಲೇಖನಕ್ಕೆ ಸಹಲೇಖಕರಾದರು. ಸಹಾಯಕರ ಹೆಸರನ್ನು ಕೃತಜ್ಞತೆಯ ಸಾಲಿಗೆ ತಳ್ಳುವ ರೂಢಿಯ ನಡುವೆ ಇದು ಸಣ್ಣ ಸಂಗತಿಯಲ್ಲ.

ಪರೀಕ್ಷೆಗೆ ಒಡ್ಡದ ಜಾಡುವಿದ್ಯೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ದೇಶ ನೋಡಿದೆ. ದಶಕಗಳ ಕಾಲ ಹುಲಿ ಗಣತಿ ನಡೆದದ್ದು ಹೆಜ್ಜೆ ಗುರುತಿನ ಮೇಲೆ. ಹಿಂಗಾಲಿನ ಗುರುತಿನ ಮೇಲೆ ಗಾಜಿಟ್ಟು ಪೆನ್ನಿನಿಂದ ತಿದ್ದಿ, ಆಕಾರ ನೋಡಿ ‘ಇದು ಬೇರೆ ಹುಲಿ’ ಎನ್ನುತ್ತಿದ್ದರು. ಆದರೆ ಒಂದೇ ಹುಲಿಯ ಒಂದೇ ಪಾದ ಹುಡಿಮಣ್ಣಿನಲ್ಲಿ ಅಗಲವಾಗಿಯೂ ಗಟ್ಟಿ ನೆಲದಲ್ಲಿ ಕಿರಿದಾಗಿಯೂ ಮೂಡುತ್ತದೆ; ತಿದ್ದುವ ಕೈ ಬದಲಾದರೆ ಗೆರೆಯೂ ಬದಲಾಗುತ್ತದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲೇ ಸೆರೆಯಲ್ಲಿದ್ದ ಹುಲಿಗಳ ಹೆಜ್ಜೆಯ ಚಿತ್ರಗಳನ್ನು ಬಲ್ಲವರ ಮುಂದಿಟ್ಟಾಗ ಹುಲಿಗಳ ಸಂಖ್ಯೆಯನ್ನು ಯಾರೂ ಸರಿಯಾಗಿ ಹೇಳಲಿಲ್ಲ. ಅಂದರೆ ಪರೀಕ್ಷೆ ನಡೆದಿತ್ತು, ಫಲಿತಾಂಶವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಾಜಸ್ಥಾನದ ಸರಿಸ್ಕಾ ಹುಲಿಧಾಮದಲ್ಲಿ 2004ರ ಲೆಕ್ಕದಲ್ಲಿದ್ದ ಹುಲಿಗಳು 2005ರ ಹೊತ್ತಿಗೆ ಒಂದೂ ಇರಲಿಲ್ಲ.

ಈಗಿನ ಗಣತಿಯಲ್ಲೂ ಕಾಡಿನ ಗಸ್ತು ತಿರುಗುವ ಬೀಟ್ ಸಿಬ್ಬಂದಿ ಹೆಜ್ಜೆ ಹುಡುಕುತ್ತ ನಡೆಯುತ್ತಾರೆ. ಹುಲಿ ಇದೆಯೇ, ಯಾವ ದಾರಿಯಲ್ಲಿ ಓಡಾಡುತ್ತದೆ ಎಂಬಷ್ಟಕ್ಕೆ ಹೆಜ್ಜೆಯ ಸಾಕ್ಷಿ ಸಾಕು. ಎಷ್ಟಿವೆ ಎಂದು ಹೇಳುವ ಹೊಣೆ ಕ್ಯಾಮೆರಾದ್ದು. ಹೆಜ್ಜೆ ದಟ್ಟವಾಗಿ ಕಂಡ ದಾರಿಯ ಎರಡೂ ಬದಿಗೆ, ಮೊಣಕಾಲೆತ್ತರದಲ್ಲಿ, ಎದುರುಬದುರಾಗಿ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿರುವುದಿಲ್ಲವಾದ್ದರಿಂದ ಒಂದೇ ಬದಿಯ ಚಿತ್ರ ಸಿಕ್ಕರೆ ಒಂದು ಹುಲಿಯನ್ನು ಎರಡೆಂದು ಎಣಿಸುವ ಅಪಾಯ ಉಳಿದೇ ಇರುತ್ತದೆ.