ಬರ್ಲಿನ್‌ನ ದುಡ್ಡು, ಕೇಪ್‌ನ ದ್ರಾಕ್ಷಿ ತೋಟ: ರೋಸಾ ಲಕ್ಸೆಂಬರ್ಗ್ ಫೌಂಡೇಶನ್ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಜರ್ಮನಿಯಲ್ಲಿ ಡಿ ಲಿಂಕೆ ಎಂಬ ಎಡಪಕ್ಷ ಇದೆ. ಆ ಪಕ್ಷಕ್ಕೆ ಹತ್ತಿರವಾದ ಸಂಸ್ಥೆ ರೋಸಾ ಲಕ್ಸೆಂಬರ್ಗ್ ಫೌಂಡೇಶನ್. ಅದರ ಕೇಂದ್ರ ಕಚೇರಿ ಬರ್ಲಿನ್‌ನಲ್ಲಿದೆ. ಜೊಹಾನ್ಸ್‌ಬರ್ಗ್, ಸಾವೊ ಪಾಲೊ, ನ್ಯೂಯಾರ್ಕ್, ಬ್ರಸೆಲ್ಸ್, ಅಷ್ಟೇ ಏಕೆ, ನಮ್ಮ ನವದೆಹಲಿಯಲ್ಲೂ ಅದು ಕಚೇರಿ ತೆರೆದಿದೆ. ಒಂದು ದೇಶದ ಪಕ್ಷಕ್ಕೆ ಸೇರಿದ ಸಂಸ್ಥೆ ಇನ್ನೊಂದು ದೇಶದಲ್ಲಿ ಕೂತು ರಾಜಕೀಯದ ಕೆಲಸ ಮಾಡುವುದು ಎಂದರೇನು?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಕೆಲವರು 'ವಿದೇಶಿ ಕೈವಾಡ' ಎನ್ನುತ್ತಾರೆ. ಇನ್ನು ಕೆಲವರು 'ಬಡವರ ಪರ ಕೆಲಸ, ಬಿಡಿ' ಎನ್ನುತ್ತಾರೆ. ಎರಡೂ ಅವಸರದ ಮಾತುಗಳು. ಇಂಥ ಕಚೇರಿಯನ್ನು ಓದುವಾಗ ನಾನು ಎರಡು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ದುಡ್ಡು ಎಲ್ಲಿಂದ ಬರುತ್ತದೆ? ಬೇಡಿಕೆ ಯಾರದು, ಅದನ್ನು ಯಾರ ಮುಂದೆ ಇಡುತ್ತಾರೆ? ಎರಡನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ನನ್ನ ಪ್ರಕಾರ ವಿಷಯದ ತಿರುಳು ಅಲ್ಲೇ ಇದೆ.

ದುಡ್ಡು ಎಲ್ಲಿಂದ?

ಜರ್ಮನಿಯಲ್ಲಿ ಪ್ರತಿ ದೊಡ್ಡ ಪಕ್ಷದ ಪಕ್ಕದಲ್ಲೂ ಇಂಥ ಒಂದು ಫೌಂಡೇಶನ್ ಇದೆ. ಸೋಷಿಯಲ್ ಡೆಮಾಕ್ರಟರ ಬಳಿ ಫ್ರೀಡ್ರಿಶ್ ಎಬರ್ಟ್ ಫೌಂಡೇಶನ್. ಇದು 1925ರಲ್ಲಿ ಶುರುವಾಯಿತು, ಎಲ್ಲಕ್ಕಿಂತ ಹಳೆಯದು. ಕ್ರಿಶ್ಚಿಯನ್ ಡೆಮಾಕ್ರಟರಿಗೆ ಕಾನ್ರಾಡ್ ಅಡೆನಾವರ್, ಗ್ರೀನ್ಸ್ ಪಕ್ಷಕ್ಕೆ ಹೈನ್ರಿಶ್ ಬೋಲ್, ಫ್ರೀ ಡೆಮಾಕ್ರಟರಿಗೆ ಫ್ರೀಡ್ರಿಶ್ ನೌಮನ್. ರೋಸಾ ಲಕ್ಸೆಂಬರ್ಗ್ ಫೌಂಡೇಶನ್ 1990ರಲ್ಲಿ ಬರ್ಲಿನ್‌ನಲ್ಲಿ ಒಂದು ಸಣ್ಣ ಅಧ್ಯಯನ ಸಂಘವಾಗಿ ಹುಟ್ಟಿತು.

ಇವುಗಳ ದುಡ್ಡು ಪಕ್ಷದ ಗಲ್ಲಾಪೆಟ್ಟಿಗೆಯಿಂದ ಬರುವುದಿಲ್ಲ. ಬಹುಪಾಲು ಜರ್ಮನ್ ಸರ್ಕಾರದ ಬಜೆಟ್‌ನಿಂದಲೇ ಬರುತ್ತದೆ, ಅಂದರೆ ಅಲ್ಲಿನ ಜನ ಕಟ್ಟುವ ತೆರಿಗೆ. ಹೊರದೇಶದ ಕೆಲಸಕ್ಕೆ ಮುಖ್ಯವಾಗಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಚಿವಾಲಯ ಹಣ ಕೊಡುತ್ತದೆ. ವಿದೇಶಾಂಗ ಕಚೇರಿಯೂ ಸ್ವಲ್ಪ ಕೊಡುತ್ತದೆ. ಯಾರಿಗೆ ಎಷ್ಟು ಎಂಬ ಲೆಕ್ಕ ಹಾಕುವಾಗ ಆಯಾ ಪಕ್ಷ ಹಿಂದಿನ ಹಲವು ಚುನಾವಣೆಗಳಲ್ಲಿ ಪಡೆದ ಮತವನ್ನು ನೋಡುತ್ತಾರೆ. ಹಾಗಾಗಿ ಜರ್ಮನಿಯ ಮತದಾರ ಯಾರಿಗೆ ಮತ ಹಾಕಿದ ಎಂಬುದು, ಕೆಲವು ವರ್ಷ ತಡವಾಗಿಯಾದರೂ, ಜೊಹಾನ್ಸ್‌ಬರ್ಗ್‌ನ ಕಚೇರಿಗೆ ಮುಟ್ಟುತ್ತದೆ. ಡಿ ಲಿಂಕೆ 2021ರಲ್ಲಿ ಬರೀ 4.9% ಮತ ಪಡೆಯಿತು. ಮೂರು ಕ್ಷೇತ್ರಗಳನ್ನು ನೇರವಾಗಿ ಗೆದ್ದಿದ್ದರಿಂದ ಸಂಸತ್ತಿನಲ್ಲಿ ಉಳಿಯಿತು. 2023ರ ಕೊನೆಗೆ ಪಕ್ಷ ಒಡೆಯಿತು. 2025ರ ಫೆಬ್ರುವರಿಯಲ್ಲಿ 8.8% ತಂದು ಮತ್ತೆ ಚೇತರಿಸಿಕೊಂಡಿತು. ಈ ಏರಿಳಿತದಲ್ಲಿ ದೂರದ ಊರಿನ ಒಂದು ಮಹಿಳಾ ಸಂಘದ ತರಬೇತಿಯೂ ಸಿಕ್ಕಿಹಾಕಿಕೊಳ್ಳುತ್ತದೆ. ಇದು ಈ ವ್ಯವಸ್ಥೆಯ ದೊಡ್ಡ ದೌರ್ಬಲ್ಯ.

ಕಾನೂನಿನ ಕಡೆಯಿಂದ ಎರಡು ತೀರ್ಪುಗಳನ್ನು ನೆನಪಿಡಿ. 1986ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ಫೌಂಡೇಶನ್‌ಗಳು ಪಕ್ಷದಿಂದ ಸ್ವತಂತ್ರವಾಗಿ ನಡೆಯಬೇಕು ಎಂದು ಹೇಳಿತು. ಅವು ಪಕ್ಷದ ಚುನಾವಣಾ ಕೆಲಸ ಮಾಡುವಂತಿಲ್ಲ. 2023ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ, ಇಷ್ಟೊಂದು ಹಣ ಹಂಚಲು ಬರೀ ಬಜೆಟ್‌ನ ಒಂದು ಸಾಲು ಸಾಲದು, ಪ್ರತ್ಯೇಕ ಕಾನೂನೇ ಬೇಕು ಎಂದಿತು. ಬಲಪಂಥೀಯ ಎಎಫ್‌ಡಿ ಪಕ್ಷ ತನ್ನ ಫೌಂಡೇಶನ್‌ಗೂ ಹಣ ಬೇಕೆಂದು ಹೂಡಿದ್ದ ಮೊಕದ್ದಮೆ ಅದು. ಅದೇ ವರ್ಷದ ಕೊನೆಗೆ ಕಾನೂನು ಬಂತು.

ಹೆಸರಿನ ಬಗ್ಗೆಯೂ ಒಂದು ಮಾತು. ಡಿ ಲಿಂಕೆಯ ಒಂದು ಬೇರು ಪೂರ್ವ ಜರ್ಮನಿಯನ್ನು ಆಳಿದ ಏಕಪಕ್ಷದಲ್ಲಿದೆ. ಅಂಥ ಹಿನ್ನೆಲೆಯವರು ಸಮಾಜವಾದಿ ಹೋರಾಟಗಾರ್ತಿ ರೋಸಾ ಲಕ್ಸೆಂಬರ್ಗ್ ಹೆಸರನ್ನು ಆರಿಸಿಕೊಂಡಿದ್ದು ಸುಮ್ನೆ ಅಲ್ಲ. 1918ರಲ್ಲಿ ಜೈಲಿನಲ್ಲಿದ್ದುಕೊಂಡೇ ಆಕೆ ರಷ್ಯಾದ ಕ್ರಾಂತಿಯನ್ನು ಮೆಚ್ಚಿ ಬರೆದರು. ಅದೇ ಬರಹದಲ್ಲಿ, ಭಿನ್ನವಾಗಿ ಯೋಚಿಸುವವರ ಸ್ವಾತಂತ್ರ್ಯವನ್ನು ಕಿತ್ತುಕೊಂಡಿದ್ದಕ್ಕೆ ಲೆನಿನ್ ಮತ್ತು ಟ್ರಾಟ್ಸ್ಕಿಯನ್ನು ಕಟುವಾಗಿ ಟೀಕಿಸಿದರು. 1919ರ ಜನವರಿ 15ರಂದು ಬಲಪಂಥೀಯ ಸೈನಿಕರು ಬರ್ಲಿನ್‌ನಲ್ಲಿ ಆಕೆಯನ್ನು ಕೊಂದು ಶವವನ್ನು ಕಾಲುವೆಗೆ ಎಸೆದರು. ಸಮಾಜವಾದವೂ ಬೇಕು, ಪ್ರಜಾಪ್ರಭುತ್ವವೂ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ.

ಕಚೇರಿಯ ದಿನನಿತ್ಯದ ಕೆಲಸ

ಹೊರದೇಶದ ಕಚೇರಿ ಎಂದರೆ ರಾಯಭಾರ ಕಚೇರಿಯಂಥ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಬರ್ಲಿನ್‌ನಿಂದ ಬಂದ ಒಬ್ಬ ಮುಖ್ಯಸ್ಥರು ಇರುತ್ತಾರೆ, ಮಿಕ್ಕವರು ಸ್ಥಳೀಯರು. ಹೆಚ್ಚಿನ ಕೆಲಸವನ್ನು ಅವರು ತಾವೇ ಮಾಡುವುದಿಲ್ಲ. ಕಾರ್ಮಿಕ ಸಂಘ, ಭೂಮಿಯಿಲ್ಲದವರ ಸಂಘಟನೆ, ಮಹಿಳಾ ಗುಂಪು, ಸಂಶೋಧನಾ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ತರಬೇತಿ, ಸಮೀಕ್ಷೆ, ಪುಸ್ತಿಕೆ, ಸಭೆಗೆ ಬರುವವರ ಬಸ್ ಚಾರ್ಜು, ಅನುವಾದಕರ ಸಂಬಳ, ಇವಕ್ಕೆಲ್ಲ ಹಣ ಕೊಡುತ್ತಾರೆ. ರಸೀದಿಯ ಲೆಕ್ಕ ಮಾತ್ರ ಬಲು ಬಿಗಿ. ಅದು ಸರ್ಕಾರಿ ದುಡ್ಡು, ಆಡಿಟ್ ಇರುತ್ತದೆ.

ಇಂಥ ಕೆಲಸಕ್ಕೆ ಎಷ್ಟು ಶಕ್ತಿ ಇರಬಹುದು ಎಂಬುದಕ್ಕೆ ಹಳೆಯ ಉದಾಹರಣೆ ಪೋರ್ಚುಗಲ್. ಅಲ್ಲಿ ಸರ್ವಾಧಿಕಾರ ಇದ್ದಾಗ, 1973ರ ಏಪ್ರಿಲ್‌ನಲ್ಲಿ, ಆ ದೇಶದ ಸಮಾಜವಾದಿ ಪಕ್ಷ ಸ್ಥಾಪನೆಯಾಗಿದ್ದು ಪೋರ್ಚುಗಲ್‌ನಲ್ಲಿ ಅಲ್ಲ, ಜರ್ಮನಿಯ ಬಾಡ್ ಮ್ಯೂನ್‌ಸ್ಟರೈಫೆಲ್ ಎಂಬ ಸಣ್ಣ ಪಟ್ಟಣದಲ್ಲಿ. ಅದಕ್ಕೆ ಬೆನ್ನೆಲುಬಾಗಿದ್ದು ಎಬರ್ಟ್ ಫೌಂಡೇಶನ್. ಮರುವರ್ಷ ಸರ್ವಾಧಿಕಾರ ಬಿತ್ತು. ಆಮೇಲೆ ಅದೇ ಪಕ್ಷ ಸರ್ಕಾರ ನಡೆಸಿತು. ಆಳುವವರು ಈ ಫೌಂಡೇಶನ್‌ಗಳನ್ನು ಕಂಡರೆ ಬೆಚ್ಚುವುದು ಯಾಕೆ ಎಂದು ಇದರಿಂದ ಅರ್ಥವಾಗುತ್ತದೆ. 2013ರಲ್ಲಿ ಈಜಿಪ್ಟ್‌ನ ನ್ಯಾಯಾಲಯ ಅಡೆನಾವರ್ ಫೌಂಡೇಶನ್ ಸಿಬ್ಬಂದಿಗೂ ಜೈಲು ಶಿಕ್ಷೆ ವಿಧಿಸಿತ್ತು. 2022ರ ಏಪ್ರಿಲ್‌ನಲ್ಲಿ ರಷ್ಯಾ ಜರ್ಮನ್ ಫೌಂಡೇಶನ್‌ಗಳ ನೋಂದಣಿಯನ್ನು ರದ್ದು ಮಾಡಿತು. ಎಡ, ಬಲ ಎಂದು ಅಲ್ಲಿ ಯಾರೂ ಭೇದ ಮಾಡಲಿಲ್ಲ.

ಒಂದು ಪ್ರಕರಣ ಹತ್ತಿರದಿಂದ: ದ್ರಾಕ್ಷಿ, ಮಹಿಳೆಯರು, ಕೀಟನಾಶಕ

ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್ ದ್ರಾಕ್ಷಿ ಮತ್ತು ವೈನ್‌ನ ನಾಡು. ಅಲ್ಲಿಯ ವೈನ್ ಯುರೋಪಿನ ಅಂಗಡಿಗಳಿಗೆ ಹೋಗುತ್ತದೆ. ತೋಟಗಳಲ್ಲಿ ಹಂಗಾಮಿ ಕೂಲಿಗಳಾಗಿ ದುಡಿಯುವ ಮಹಿಳೆಯರು ಬಹಳ ಮಂದಿ. 2012ರ ನವೆಂಬರ್‌ನಲ್ಲಿ ಡಿ ಡೋರ್ನ್ಸ್ ಕಣಿವೆಯಲ್ಲಿ ಕೂಲಿಗಳು ದೊಡ್ಡ ಮುಷ್ಕರ ಹೂಡಿದರು. ಆಗಿನ ಕನಿಷ್ಠ ದಿನಗೂಲಿ 69 ರ‍್ಯಾಂಡ್. ಅವರು ಕೇಳಿದ್ದು 150. ಕೊನೆಗೆ 105ಕ್ಕೆ ಏರಿತು.

ಕೂಲಿಯಷ್ಟೇ ಅಲ್ಲ, ಔಷಧಿ ಹೊಡೆಯುವುದೂ ಅಲ್ಲಿನ ದೊಡ್ಡ ದೂರು. ದ್ರಾಕ್ಷಿ ಬಳ್ಳಿಗೆ ಚಳಿಗಾಲದಲ್ಲಿ ಸಾಕಷ್ಟು ತಂಪು ಸಿಗದಿದ್ದರೆ ಮೊಗ್ಗು ಒಂದೇ ಸಮನೆ ಒಡೆಯುವುದಿಲ್ಲ. ಒಡೆಸುವುದಕ್ಕೆ ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕ ಬಳಸುತ್ತಾರೆ. ಡಾರ್ಮೆಕ್ಸ್ ಎಂಬ ಹೆಸರಲ್ಲಿ ಇದನ್ನು ತಯಾರಿಸುವುದು ಜರ್ಮನಿಯ ಒಂದು ಕಂಪನಿ. ಮೈಗೆ ತಗುಲಿದರೆ ಚರ್ಮ, ಕಣ್ಣು ಉರಿಯುತ್ತವೆ. ಇನ್ನೂ ಒಂದು ಗುಣ ಇದಕ್ಕಿದೆ: ದೇಹ ಮದ್ಯವನ್ನು ಅರಗಿಸಿಕೊಳ್ಳುವ ದಾರಿಯನ್ನೇ ಇದು ತಡೆಯುತ್ತದೆ. ಔಷಧಿ ತಗುಲಿದವರು ಆಮೇಲೆ ಸ್ವಲ್ಪ ಕುಡಿದರೂ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಹೊಡೆದುಕೊಳ್ಳುತ್ತದೆ. ಕೇಪ್‌ನ ತೋಟಗಳಲ್ಲಿ ಒಂದು ಕಾಲದಲ್ಲಿ ಕೂಲಿಯ ಬದಲು ವೈನನ್ನೇ ಕೊಡುತ್ತಿದ್ದರು. ಆ ಪದ್ಧತಿಗೆ ಕಾನೂನಿನ ತಡೆ ಬಿದ್ದರೂ ಕುಡಿತ ಹಳ್ಳಿಗಳಲ್ಲಿ ಉಳಿದುಕೊಂಡಿದೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಲೇಬಲ್ ಮೇಲೆ 'ಸುರಕ್ಷಿತವಾಗಿ ಬಳಸಿ' ಎಂದು ಬರೆದರೆ ಜವಾಬ್ದಾರಿ ಮುಗಿಯಿತೇ?

ಯುರೋಪಿಯನ್ ಒಕ್ಕೂಟ ಇದನ್ನು ಬೆಳೆ ಔಷಧಿಯಾಗಿ ಬಳಸಲು 2008ರಲ್ಲೇ ಅನುಮತಿ ನಿರಾಕರಿಸಿತು. ಆದರೆ ತಯಾರಿಸಿ ಹೊರಗೆ ಮಾರಲು ತಡೆಯಿಲ್ಲ. ಇದೊಂದೇ ಅಲ್ಲ. ತನ್ನ ಹೊಲಗಳಲ್ಲಿ ಬೇಡವೆಂದ ಕೀಟನಾಶಕಗಳಲ್ಲಿ 81 ಸಾವಿರ ಟನ್‌ಗೂ ಹೆಚ್ಚನ್ನು ಹೊರಗೆ ಕಳಿಸಲು ಯುರೋಪಿನ ಕಂಪನಿಗಳು 2018ರಲ್ಲಿ ಯೋಜಿಸಿದ್ದು ಅಧಿಕೃತ ದಾಖಲೆಗಳಿಂದಲೇ ಹೊರಬಂತು. ಅಪಾಯಕಾರಿ ರಾಸಾಯನಿಕಗಳ ವ್ಯಾಪಾರದ ಬಗ್ಗೆ ರಾಟರ್‌ಡಾಮ್ ಒಪ್ಪಂದ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಇದೆ. ಆದರೆ ಅದು ಕೇಳುವುದು ಮುನ್ಸೂಚನೆ ಮತ್ತು ಒಪ್ಪಿಗೆಯನ್ನು ಮಾತ್ರ. ದಕ್ಷಿಣ ಆಫ್ರಿಕಾದಲ್ಲಿ ಕೀಟನಾಶಕವನ್ನು ನಿಯಂತ್ರಿಸುವ ಮೂಲ ಕಾಯ್ದೆ 1947ರದ್ದು!

ವಿಮೆನ್ ಆನ್ ಫಾರ್ಮ್ಸ್ ಪ್ರಾಜೆಕ್ಟ್ ಎಂಬ ಸ್ಟೆಲನ್‌ಬಾಷ್‌ನ ಸಂಘಟನೆ, ಯುರೋಪಿನಲ್ಲಿ ನಿಷೇಧವಾದ 67 ಕೀಟನಾಶಕಗಳನ್ನು ತಮ್ಮಲ್ಲೂ ನಿಷೇಧಿಸಿ ಎಂದು ಹೋರಾಟ ಶುರು ಮಾಡಿತು. ಬೇಡಿಕೆ ತೋಟದ ಹೆಂಗಸರದ್ದು. ಅದನ್ನು ಬರ್ಲಿನ್ ಹೇಳಿಕೊಟ್ಟಿರಲಿಲ್ಲ. ಫೌಂಡೇಶನ್‌ನಂಥ ಸಂಸ್ಥೆ ಸೇರಿಸಿದ್ದು ಇನ್ನೊಂದು ತುದಿಯನ್ನು. 2020ರಲ್ಲಿ ರೋಸಾ ಲಕ್ಸೆಂಬರ್ಗ್ ಫೌಂಡೇಶನ್ ಜರ್ಮನಿಯ ಇನ್‌ಕೋಟಾ ಮತ್ತಿತರ ಸಂಘಟನೆಗಳ ಜೊತೆ, ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾದ ಗುಂಪುಗಳನ್ನೂ ಸೇರಿಸಿಕೊಂಡು, ಬಾಯರ್ ಮತ್ತು ಬಿಎಎಸ್‌ಎಫ್ ಎಂಬ ಜರ್ಮನ್ ಕಂಪನಿಗಳ ಇಬ್ಬಗೆ ನೀತಿಯ ಮೇಲೆ ವರದಿ ತಂದಿತು. ಇಂಥ ಆರೋಪಗಳಿಗೆ ಕಂಪನಿಗಳ ಉತ್ತರ ಇಷ್ಟು: ಆಯಾ ದೇಶದ ಸರ್ಕಾರವೇ ಅನುಮತಿ ಕೊಟ್ಟಿದೆ, ಸೂಚನೆಯಂತೆ ಬಳಸಿದರೆ ಅಪಾಯವಿಲ್ಲ. ಈ ಉತ್ತರವನ್ನೂ ಓದಿ. ಆಮೇಲೆ ಬಿಸಿಲಿನಲ್ಲಿ ಕೈಗವಸಿಲ್ಲದೆ ನಿಂತ ಕೂಲಿಯನ್ನು ಕಣ್ಣಮುಂದೆ ತಂದುಕೊಳ್ಳಿ.

ಇಲ್ಲಿ ಗಮನಿಸಬೇಕಾದ್ದು ಬೇಡಿಕೆಯ ದಿಕ್ಕು. ವರದಿ ದಕ್ಷಿಣ ಆಫ್ರಿಕಾದ ಸರ್ಕಾರವನ್ನು ಬಯ್ದು ಸುಮ್ಮನಾಗಲಿಲ್ಲ. 'ನಿಮ್ಮ ಕಾರ್ಖಾನೆಯಿಂದ ಹೊರಡುವುದನ್ನು ನೀವೇ ನಿಲ್ಲಿಸಿ' ಎಂದು ಬರ್ಲಿನ್‌ಗೇ ಹೇಳಿತು. ಜರ್ಮನ್ ತೆರಿಗೆಯ ದುಡ್ಡು ಜರ್ಮನ್ ಕಂಪನಿಗಳನ್ನೂ ಜರ್ಮನ್ ಸರ್ಕಾರವನ್ನೂ ಪ್ರಶ್ನಿಸಲು ಬಳಕೆಯಾಯಿತು. ವಿದೇಶಿ ಕೈವಾಡ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ, ಅಲ್ವಾ? 2022ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕೃಷಿ ಸಚಿವ ಚೆಮ್ ಓಜ್ಡೆಮಿರ್ ಇಂಥ ರಫ್ತನ್ನು ನಿಷೇಧಿಸುವುದಾಗಿ ಘೋಷಿಸಿದರು. ಆದರೆ ಆದೇಶ ಜಾರಿಗೆ ಬರಲೇ ಇಲ್ಲ. 2024ರ ನವೆಂಬರ್‌ನಲ್ಲಿ ಆ ಮೈತ್ರಿ ಸರ್ಕಾರವೇ ಉರುಳಿತು. ಫ್ರಾನ್ಸ್ 2022ರಿಂದ ಇಂಥ ರಫ್ತಿಗೆ ಕಾನೂನಿನ ತಡೆ ಹಾಕಿದೆ, ಅದರಲ್ಲೂ ಸಂದುಗಳಿವೆ.

ಒಂದು ಎಚ್ಚರಿಕೆ. 2025ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಸಂಪುಟ ಟೆರ್ಬುಫಾಸ್ ಎಂಬ ಕೀಟನಾಶಕವನ್ನು ನಿಷೇಧಿಸಲು ಒಪ್ಪಿತು. ಇದನ್ನು ಯಾವುದೇ ಫೌಂಡೇಶನ್ನಿನ ಗೆಲುವು ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಅದರ ಹಿಂದಿನ ವರ್ಷ ಸೊವೆಟೊದ ನಲೇಡಿಯಲ್ಲಿ ಆರು ಮಕ್ಕಳು ಆ ವಿಷದಿಂದ ಸತ್ತಿದ್ದರು. ನಿಷೇಧಕ್ಕೆ ತಕ್ಷಣದ ಕಾರಣ ಆ ಸಾವುಗಳು. ವರ್ಷಗಟ್ಟಲೆ ನಡೆದ ಹೋರಾಟ ನೆಲ ಹದ ಮಾಡಿರುತ್ತದೆ, ಆದರೆ ಯಾರ ಪಾಲು ಎಷ್ಟು ಎಂದು ಅಳೆಯಲು ಆಗುವುದಿಲ್ಲ.

ನಮಗೇನು ಸಂಬಂಧ?

ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಡಾರ್ಮೆಕ್ಸ್ ಹೊಸ ಹೆಸರಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದಮೇಲೆ ಮೊಗ್ಗು ಒಡೆಯಲೆಂದು ಕಡ್ಡಿಗೆ ಹಚ್ಚುವುದು ಇದೇ ರಾಸಾಯನಿಕ. ಇನ್ನು ಎಂಡೋಸಲ್ಫಾನ್ ಕಥೆ ಕರಾವಳಿಗೆ ಗೊತ್ತೇ ಇದೆ. ಕಾಸರಗೋಡು, ಕೊಕ್ಕಡ, ಪಟ್ರಮೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಆ ವಿಷವನ್ನು 1950ರ ದಶಕದಲ್ಲಿ ಮೊದಲು ತಯಾರಿಸಿದ್ದು ಜರ್ಮನಿಯ ಹೆಕ್ಸ್ಟ್ ಕಂಪನಿ. ನಮ್ಮಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಎರಡು ತಲೆಮಾರಿನ ಮಕ್ಕಳು ಹಾಸಿಗೆ ಹಿಡಿದಿದ್ದರು. ಸ್ಟೆಲನ್‌ಬಾಷ್‌ನ ಹೆಂಗಸರ ಮಾತು ನಮಗೆ ಪರಕೀಯ ಅನಿಸುವುದಿಲ್ಲ.

ಆದರೆ ಇದೇ ಮಾದರಿಯ ಕೆಲಸ ಭಾರತದಲ್ಲಿ ನಡೆಯುವುದು ಈಗ ಕಷ್ಟ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ 50%ರಿಂದ 20%ಕ್ಕೆ ಇಳಿದಿದೆ. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ದೆಹಲಿಯ ದೊಡ್ಡ ಸಂಸ್ಥೆ ಹೇಗೋ ನಿಭಾಯಿಸುತ್ತದೆ. ಹಳ್ಳಿಯ ಸಣ್ಣ ಕೂಲಿ ಸಂಘಕ್ಕೆ ಬಾಗಿಲು ಮುಚ್ಚಿದ ಹಾಗೆಯೇ. ಸಂಬಳವೂ ಆಡಳಿತ ವೆಚ್ಚದ ಲೆಕ್ಕಕ್ಕೆ ಬಿದ್ದರೆ, ಸಂಶೋಧನೆ ಮತ್ತು ಜಾಗೃತಿ ಕೆಲಸಕ್ಕೇ ಪೆಟ್ಟು ಜಾಸ್ತಿ.

ಅದೇ ವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ಸಾಫ್ ಎಂಬ ಸಂಘಟನೆಯ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಹೇಳಿದೆ. ಪಕ್ಷ ರಾಜಕೀಯದಲ್ಲಿ ತೊಡಗದೆ ತಮ್ಮ ಹಕ್ಕಿಗಾಗಿ ಬಂದ್, ಹರತಾಳ ಮಾಡುವವರನ್ನು ಬೆಂಬಲಿಸಿದ ಮಾತ್ರಕ್ಕೆ ಒಂದು ಸಂಘಟನೆಯ ವಿದೇಶಿ ದೇಣಿಗೆಯನ್ನು ತಡೆಯುವಂತಿಲ್ಲ. ಈ ತೀರ್ಪು ಮತ್ತು ತಿದ್ದುಪಡಿಯನ್ನು ಒಟ್ಟಿಗೆ ಓದಿ. ಕೋರ್ಟ್ ಹೋರಾಟದ ಹಕ್ಕನ್ನು ಕಾಪಾಡಿತು. ಆರು ತಿಂಗಳಲ್ಲಿ ಸಂಸತ್ತು ಹಣ ಹರಿಯುವ ಕಾಲುವೆಯನ್ನೇ ಕಿರಿದು ಮಾಡಿತು. ಕಂಪನಿಯ ವಿದೇಶಿ ಬಂಡವಾಳ ಸಲೀಸಾಗಿ ಒಳಬರುವ ದೇಶದಲ್ಲಿ, ಆ ಕಂಪನಿಯ ಔಷಧಿಯಿಂದ ಕಾಯಿಲೆ ಬಿದ್ದವರ ಸಂಘಕ್ಕೆ ಬರುವ ವಿದೇಶಿ ನೆರವು ಇಷ್ಟೊಂದು ಬಾಗಿಲು ತಟ್ಟಬೇಕಾಗಿರುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.